ಎರಡು ವರ್ಷ ಗಿರಾಕಿಯೇ ಸಿಗದ ರಂಟೆ

ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆದರೆ ಅವರ ಹೆಸರು ಹೊತ್ತ ಕಿರ್ಲೋಸ್ಕರವಾಡಿ ಇರುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ. ಬೆಳಗಾವಿಯಲ್ಲೇ ಶುರುವಾದ ಕೆಲಸ ಅಲ್ಲಿಗೆ ಹೋಗಿದ್ದು ಹೇಗೆ?

ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ಮುಂಬೈನ ಜೆ.ಜೆ. ಕಲಾಶಾಲೆ ಸೇರಿದರು. ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ಮುಂದೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ಬೆಳಗಾವಿಯಲ್ಲಿ 1888ರಲ್ಲಿ ಶುರುವಾದ ಅಣ್ಣತಮ್ಮಂದಿರ ಸೈಕಲ್ ಅಂಗಡಿಯೇ ಕಿರ್ಲೋಸ್ಕರ್ ಉದ್ಯಮದ ಬೇರು. ನೌಕರಿ ಬಿಟ್ಟು ಊರಿಗೆ ಬಂದ ಮೇಲೆ ಲಕ್ಷ್ಮಣರಾವ್ ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ರಂಟೆ, ಅಂದರೆ ಮಣ್ಣು ಮಗುಚುವ ನೇಗಿಲು.

ರಂಟೆಯ ಕಥೆ ನನಗೆ ತುಂಬಾ ಇಷ್ಟ. ಮರದ ನೇಗಿಲು ಮಣ್ಣನ್ನು ಸೀಳುತ್ತದೆ ಅಷ್ಟೇ. ರಂಟೆ ಮಣ್ಣನ್ನು ಆಳದಿಂದ ಎತ್ತಿ ಮಗುಚಿ ಹಾಕುತ್ತದೆ, ಕಳೆ ಅಡಿಗೆ ಹೋಗುತ್ತದೆ. ಎರೆ ಹೊಲದಲ್ಲಿ ಕರಿಕೆ ಕಿತ್ತು ಸುಸ್ತಾದವರಿಗೆ ಇದರ ಬೆಲೆ ಗೊತ್ತು. ಆದರೂ ಯಾರೂ ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದರು. ಮೊದಲ ರಂಟೆ ಮಾರಾಟವಾಗಲು ಎರಡು ವರ್ಷ ಬೇಕಾಯಿತು. ಈ ಹೆದರಿಕೆಯನ್ನು ಸುಮ್ನೆ ಮೌಢ್ಯ ಅಂದುಬಿಡುವುದು ತಪ್ಪು. ಒಂದು ಹಂಗಾಮು ಕೈಕೊಟ್ಟರೆ ವರ್ಷದ ಊಟವೇ ಹೋಗುತ್ತದೆ, ಅಲ್ವಾ? ಲಕ್ಷ್ಮಣರಾವ್ ಕಾದರು. ಬಿಡಲಿಲ್ಲ. ಅವರ ದೊಡ್ಡತನ ಇರುವುದು ಇಲ್ಲೇ ಅನ್ನುವುದು ನನ್ನ ನಂಬಿಕೆ.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಊರು ಬೆಳೆಸಲು ಜಾಗ ಬೇಕು, ಕಾರ್ಖಾನೆ ತೆರವು ಮಾಡಿ ಎಂದು ಬೆಳಗಾವಿ ನಗರಸಭೆ ಹೇಳಿತು. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ ಜಾಗ ಕೊಟ್ಟರು, ಸಾಲವನ್ನೂ ಕೊಟ್ಟರು. ಅದು ಕಳ್ಳಿ ಬೆಳೆದ ಬರಡು ನೆಲ. 1910ರಲ್ಲಿ ಅಲ್ಲಿ ಕಾರ್ಖಾನೆ ಮತ್ತು ಕೆಲಸಗಾರರ ಮನೆಗಳು ಒಟ್ಟಿಗೇ ಎದ್ದವು. ಅದೇ ಕಿರ್ಲೋಸ್ಕರವಾಡಿ. ಹೀಗೆ ಬೆಳಗಾವಿ ಕಳೆದುಕೊಂಡಿದ್ದು ಒಂದು ಶೆಡ್ಡನ್ನಲ್ಲ, ಒಂದು ಇಡೀ ಊರನ್ನು.

ಮುಂದೆ ರಂಟೆಯ ಜೊತೆಗೆ ಪಂಪು, ಎಂಜಿನ್ನುಗಳು ಬಂದವು. ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿ ಬಂದ ಮಗ ಶಂತನುರಾವ್ ಉದ್ಯಮವನ್ನು ಇನ್ನೂ ಹಿಗ್ಗಿಸಿದರು. ಕನ್ನಡದ ನೆಲಕ್ಕೂ ಆ ಹೆಸರು ಮರಳಿತು. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ತಯಾರಿಸುವ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನ ಕಂಪನಿ ಹುಟ್ಟಿತು. ಲಕ್ಷ್ಮಣರಾವ್ ಇದನ್ನೆಲ್ಲ ಕಂಡು, 1956ರಲ್ಲಿ ತೀರಿಕೊಂಡರು.

ಹರಿಹರದ ಕಾರ್ಖಾನೆ ಈಗಿಲ್ಲ. ಈ ಶತಮಾನದ ಶುರುವಿನಲ್ಲೇ ಬಾಗಿಲು ಮುಚ್ಚಿತು. ಕಿರ್ಲೋಸ್ಕರವಾಡಿಯಲ್ಲಿ ಮಾತ್ರ ಇವತ್ತಿಗೂ ಪಂಪು ತಯಾರಾಗುತ್ತಿವೆ.