ಇಸವಿ ನೆನಪಿಲ್ಲದ ಅಮ್ಮನ ಕಥೆಯನ್ನು ರೆಕಾರ್ಡ್ ಮಾಡುವುದು ಹೇಗೆ?

ಪ್ರಶ್ನೆ: ಅಮ್ಮನಿಗೆ ಎಪ್ಪತ್ತಾರು ವರ್ಷ. ಅವರ ಕಥೆಯನ್ನು ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳುವ ಆಸೆ. ಮೊಬೈಲ್ ಹಿಡಿದರೆ ‘ನಂದೇನೈತಪ್ಪಾ ಹೇಳೋಕೆ’ ಅಂತಾರೆ. ಇಸವಿ, ತಾರೀಖು ಒಂದೂ ನೆನಪಿಲ್ಲ. ರೆಕಾರ್ಡ್ ಮಾಡಿ ಪ್ರಯೋಜನ ಇದೆಯಾ? ಶುರು ಮಾಡೋದು ಹೇಗೆ?

ಉತ್ತರ: ಪ್ರಯೋಜನ ಇದೆ. ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಚಿಂತಾಮಣಿ ಬಸ್ ನಿಲ್ದಾಣದಲ್ಲಿ ನಿಂತೂ ಹೇಳಿದ್ದೇನೆ, ಮದುವೆ ಮನೆ ಪಂಕ್ತಿಯಲ್ಲಿ ಕೂತೂ ಹೇಳಿದ್ದೇನೆ. ಆದರೂ ಕೇಳುವವರೆಲ್ಲ ‘ಇಸವಿ ನೆನಪಿಲ್ಲ’ ಅನ್ನುವಲ್ಲಿಗೇ ಬಂದು ನಿಲ್ಲುತ್ತಾರೆ. ಶುರು ಮಾಡುವುದು ಹೇಗೆ ಅನ್ನುವುದು ಸುಲಭ. ಅದನ್ನು ಮೊದಲು ಮುಗಿಸಿಬಿಡುತ್ತೇನೆ.

‘ಅಮ್ಮ, ನಿನ್ನ ಜೀವನದ ಕಥೆ ಹೇಳು’ ಅಂತ ಯಾವತ್ತೂ ಕೇಳಬೇಡಿ. ಹಾಗೆ ಕೇಳಿದರೆ ಯಾರಿಗೂ ಬಾಯಿ ಬರುವುದಿಲ್ಲ. ಅವರ ಕೈಗೆ ಕೆಲಸ ಇರುವ ಹೊತ್ತು ನೋಡಿ ಪಕ್ಕದಲ್ಲಿ ಕೂತುಕೊಳ್ಳಿ. ನಾನು ಮೊದಲ ಸಲ ರೆಕಾರ್ಡ್ ಮಾಡಿದ್ದು ಅವರೆಕಾಯಿ ಕಾಲದಲ್ಲಿ. ಅಮ್ಮ ನೆನೆಸಿದ ಕಾಳನ್ನು ಹಿತಕುತ್ತಾ ಕೂತಿದ್ದರು. ಹೆಬ್ಬೆರಳಿನಲ್ಲಿ ಒತ್ತಿದರೆ ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ‘ನಿಮ್ಮೂರಲ್ಲಿ ನೀರಿನ ಬಾವಿ ಮನೆಯಿಂದ ಎಷ್ಟು ದೂರ ಇತ್ತಮ್ಮ?’ ಅಂತ ಒಂದೇ ಒಂದು ಪ್ರಶ್ನೆ ಕೇಳಿದೆ. ನಲವತ್ತು ನಿಮಿಷ ಮಾತಾಡಿದರು. ಬಾವಿಯಿಂದ ಶುರುವಾದದ್ದು ಅವರ ತಂಗಿ ತೀರಿಕೊಂಡ ಕಡೆಗೆ ಹೋಯಿತು. ಆ ತಂಗಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ.

ಫ್ಯಾನ್ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಸ್ಟೀಲ್ ತಟ್ಟೆ ಪಕ್ಕ ಇಡಬೇಡಿ, ಮಡಚಿದ ಟವಲ್ ಮೇಲಿಡಿ. ವಿಡಿಯೊ ಬೇಡ, ದನಿ ಸಾಕು. ಒಂದು ಗಂಟೆ ಮಾತು ಸುಮಾರು 60 ಎಂಬಿ ಅಷ್ಟೇ. ರೆಕಾರ್ಡ್ ಮಾಡುತ್ತಿದ್ದೇನೆ ಅಂತ ಅವರಿಗೆ ಹೇಳಿಯೇ ಮಾಡಿ, ಕದ್ದು ಮಾಡಬೇಡಿ.

ಇನ್ನು ಇಸವಿಯ ಮಾತು.

‘ತಾರೀಖು ಗೊತ್ತಿಲ್ಲದವರು ಹೇಳಿದ್ದು ನಂಬೋಕಾಗಲ್ಲ, ಕಾಗದದಲ್ಲಿ ಇರೋದೇ ನಿಜ’ ಅನ್ನುವುದು ಓದಿಕೊಂಡ ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಇದು ತಪ್ಪು. ನಮ್ಮ ಮನೆಯದ್ದೇ ಲೆಕ್ಕ ಕೊಡುತ್ತೇನೆ.

ನನ್ನ ತಮ್ಮನ ಶಾಲೆ ದಾಖಲೆಯಲ್ಲಿ ಹುಟ್ಟಿದ ದಿನ 1979ರ ಜೂನ್ 1. ಅಮ್ಮನನ್ನು ಕೇಳಿದರೆ ಇಸವಿ ಗೊತ್ತಿಲ್ಲ. ಆದರೆ ಅವರು ಹೇಳಿದ್ದು ಇದು: ‘ದೊಡ್ಡ ಗ್ರಹಣ ಹಿಡೀತಲ್ಲ, ಅವತ್ತು ಇವನು ಹೊಟ್ಟೇಲಿದ್ದ, ಏಳು ತುಂಬಿತ್ತು. ಶನಿವಾರ. ನಿಮ್ಮಜ್ಜಿ ನನ್ನನ್ನ ಒಳಗಿನ ಕೋಣೇಲಿ ಮಲಗಿಸಿ ಬಾಗಿಲು ಹಾಕಿದ್ಲು. ಕೈಕಾಲು ಮಡಚಬೇಡ ಅಂದಿದ್ಲು. ಕೋಳಿಗಳೆಲ್ಲ ಮಧ್ಯಾಹ್ನಾನೇ ಗೂಡು ಸೇರ್ಕೊಂಡ್ವು.’

ಆ ಗ್ರಹಣ 1980ರ ಫೆಬ್ರವರಿ 16ರದ್ದು. ಹುಬ್ಬಳ್ಳಿ, ರಾಯಚೂರು ಕಡೆ ಸೂರ್ಯ ಪೂರ್ತಿ ಮುಚ್ಚಿಹೋಗಿತ್ತು, ನಮ್ಮ ಕಡೆ ಮುಕ್ಕಾಲಿಗಿಂತ ಜಾಸ್ತಿ. ಹಳೇ ಕ್ಯಾಲೆಂಡರ್ ತೆಗೆದು ನೋಡಿದೆ. ಅಂದು ಶನಿವಾರವೇ! ಅಂದರೆ ತಮ್ಮ ಹುಟ್ಟಿದ್ದು 1980ರ ಏಪ್ರಿಲ್ ಹೊತ್ತಿಗೆ. ಕಾಗದದ ಪ್ರಕಾರ ಗ್ರಹಣದ ದಿನ ಅವನು ಎಂಟು ತಿಂಗಳ ಕೂಸು. ಈಗ ಹೇಳಿ, ಯಾವುದು ನಿಜ?

ಕಾಗದಕ್ಕೆ ಆ ತಾರೀಖು ಹೇಗೆ ಬಂತು ಅಂತ ಹಳ್ಳಿಯಲ್ಲಿ ಓದಿದವರಿಗೆಲ್ಲ ಗೊತ್ತು. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ಅದಾದ ಮೇಲೂ ಮನೆಯಲ್ಲಿ ಹೆರಿಗೆಯಾದರೆ ಬರೆಸಲು ಹೋಗುತ್ತಿದ್ದವರು ಕಡಿಮೆ. ಮಗುವನ್ನು ಶಾಲೆಗೆ ಕರೆದುಕೊಂಡು ಹೋದರೆ ಮೇಷ್ಟ್ರು ‘ಕೈ ತಲೆ ಮೇಲಿಂದ ಹಾಕಿ ಆ ಕಡೆ ಕಿವಿ ಮುಟ್ಟು’ ಅನ್ನುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸಿಗೆ ವಯಸ್ಸಾಯಿತು ಅಂತ ಲೆಕ್ಕ. ಆಗ ಶಾಲೆ ತೆರೆಯುತ್ತಿದ್ದದ್ದು ಜೂನ್ ತಿಂಗಳಲ್ಲಿ, ಅದಕ್ಕೆ ಜೂನ್ 1. ನಿಮ್ಮ ನೆಂಟರಲ್ಲೇ ಎಣಿಸಿ ನೋಡಿ, ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಸಿಗುತ್ತಾರೆ ಅಂತ. ನನ್ನ ತಮ್ಮ ಸರ್ಕಾರಿ ನೌಕರ. ಆ ಒಂದು ಸಾಲಿನಿಂದ ಹತ್ತು ಹನ್ನೊಂದು ತಿಂಗಳು ಮೊದಲೇ ನಿವೃತ್ತಿಯಾಗುತ್ತಾನೆ.

ನಮ್ಮ ಹಿರಿಯರು ಕಾಲವನ್ನು ಅಂಕಿಯಲ್ಲಿ ಇಟ್ಟುಕೊಂಡವರಲ್ಲ, ನಡೆದದ್ದರ ಜೊತೆ ಗಂಟು ಹಾಕಿ ಇಟ್ಟುಕೊಂಡವರು. ಗಂಟು ಬಿಚ್ಚುವುದು ನಮ್ಮ ಕೆಲಸ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆ ಮೇಲೆ ಬೀಳುತ್ತೆ ಅಂತ ಹೆದರಿ ಮನೆಯಲ್ಲಿದ್ದ ಕೋಳಿ ಕುಯ್ದು ಉಂಡೆವು ಅಂದರೆ ಅದು 1979ರ ಜುಲೈ. ಇಂದಿರಮ್ಮನನ್ನು ಕೊಂದ ದಿನ ಅಂದರೆ 1984ರ ಅಕ್ಟೋಬರ್ 31. ರಾಜ್‌ಕುಮಾರ್ ಹೋದ ದಿನ ಬಸ್ ಇಲ್ಲದೆ ಬೆಂಗಳೂರಲ್ಲೇ ಉಳಿದೆ ಅಂದರೆ 2006ರ ಏಪ್ರಿಲ್ 12. ಕೆಜಿಎಫ್ ಕಡೆಯವರಿಗೆ ‘ಮೈನ್ಸ್ ಮುಚ್ಚೋಕೆ ಮುಂಚೆ’, ‘ಮುಚ್ಚಿದ ಮೇಲೆ’ ಅಂತ ಎರಡೇ ಕಾಲ. ಅದು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಗೌರಿಬಿದನೂರಿನ ಕಡೆ ಅಜ್ಜ ಅಜ್ಜಿಯರು ಹೇಳುತ್ತಿದ್ದ ವಿದುರಾಶ್ವತ್ಥದ ಗೋಲಿಬಾರ್ 1938ರ ಏಪ್ರಿಲ್ 25ರದ್ದು. ‘ಆವಾಗ ನಮ್ದು ಕೋಲಾರ ಜಿಲ್ಲೆ’ ಅಂತ ಚಿಕ್ಕಬಳ್ಳಾಪುರದವರು ಅಂದರೆ 2007ಕ್ಕೆ ಮುಂಚಿನ ಮಾತು. ಒಂದರಲ್ಲಿ ಮಾತ್ರ ಹುಷಾರಾಗಿರಿ. ‘ನಾಲ್ಕಾಣೆ ಕೂಲಿ’ ಅಂದ ತಕ್ಷಣ 1957ಕ್ಕೆ ಹಿಂದಿನದು ಅಂದುಕೊಳ್ಳಬೇಡಿ. ಆ ವರ್ಷ ಆಣೆಯ ಬದಲು ನಯಾಪೈಸೆ ಬಂದ ಮೇಲೂ ಇಪ್ಪತ್ತೈದು ಪೈಸೆಯನ್ನು ನಮ್ಮವರು ನಾಲ್ಕಾಣೆ ಅಂತಲೇ ಕರೆದರು.

ಹಿರಿಯರು ತಪ್ಪು ಹೇಳುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೇಳುತ್ತಾರೆ. ಎರಡು ಮದುವೆಯನ್ನು ಸೇರಿಸಿ ಒಂದು ಮಾಡಿಬಿಡುತ್ತಾರೆ. ಹೇಳಲಿ ಬಿಡಿ. ಮಧ್ಯೆ ಬಾಯಿ ಹಾಕಿ ‘ಅಲ್ಲಮ್ಮ, ಅದು ಆಮೇಲೆ ಆಗಿದ್ದು’ ಅಂತ ತಿದ್ದಬೇಡಿ. ನಾನು ಒಂದು ಸಲ ತಿದ್ದಿದೆ. ಅಮ್ಮ ‘ನಿಂಗೇ ಗೊತ್ತಲ್ಲ ಎಲ್ಲ’ ಅಂತ ಎದ್ದು ಹೋದರು. ಮತ್ತೆ ಕೂರಿಸಲು ಮೂರು ವಾರ ಹಿಡಿಯಿತು. ಅನುಮಾನ ಬಂದದ್ದನ್ನು ಆಮೇಲೆ ಪುಸ್ತಕದಲ್ಲಿ ಬರೆದುಕೊಳ್ಳಿ.

ಇನ್ನೊಂದು ವಿಷಯ. ವಯಸ್ಸಾದವರಿಗೆ ಹತ್ತರಿಂದ ಮೂವತ್ತರ ವಯಸ್ಸಿನ ನೆನಪೇ ಜಾಸ್ತಿ ಉಳಿದಿರುತ್ತದೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ಹುಟ್ಟಿದಾಗಿನಿಂದ ವರಸೆಯಾಗಿ ಕೇಳುವ ಅಗತ್ಯವಿಲ್ಲ. ಆ ಇಪ್ಪತ್ತು ವರ್ಷದಲ್ಲಿ ಎಲ್ಲಿ ಬೇಕಾದರೂ ಕೈ ಹಾಕಿ.

ಯಾರೂ ಕೇಳದ ಒಂದು ಪ್ರಶ್ನೆ ಇದೆ. ಯಾವ ಭಾಷೆಯಲ್ಲಿ ಮಾತಾಡಿಸಬೇಕು? ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಮಕ್ಕಳು ಫೋನ್ ಇಟ್ಟು ‘ಕನ್ನಡದಲ್ಲಿ ಹೇಳಮ್ಮ’ ಅಂತಾರೆ. ಅಲ್ಲಿಗೆ ಅಮ್ಮ ಸಭೆಯಲ್ಲಿ ನಿಂತವರ ಹಾಗೆ ಆಗಿಬಿಡುತ್ತಾರೆ. ನಮ್ಮಮ್ಮ ರೇಷ್ಮೆ ಹುಳುವಿನ ಮಾತನ್ನೆಲ್ಲ ಕನ್ನಡದಲ್ಲಿ ಆಡುತ್ತಾರೆ. ಹುಳು ಪೊರೆ ಬಿಡಲು ಸೊಪ್ಪು ತಿನ್ನದೆ ತಲೆ ಎತ್ತಿ ಕೂತರೆ ‘ಜ್ವರಕ್ಕೆ ಕೂತಿದೆ’ ಅನ್ನುತ್ತಾರೆ. ನಾಲ್ಕು ಜ್ವರ ಎದ್ದು, ಹುಳು ಹಣ್ಣಾದ ಮೇಲೆ ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟಿಗೆ ಬಿಡುವುದು. ಆದರೆ ತಮ್ಮ ತಾಯಿ ಆಡಿದ ಮಾತು ಬಂದರೆ ಸಾಕು, ತೆಲುಗಿಗೆ ಹೊರಳುತ್ತಾರೆ. ‘ಎಂದುಕೇ ಏಡುಸ್ತಾವು’ ಅನ್ನುವಾಗ ಅವರ ದನಿಯೇ ಬೇರೆಯಾಗುತ್ತದೆ. ‘ಯಾಕೆ ಅಳ್ತೀಯೇ’ ಅಂತ ಬರೆದುಕೊಂಡರೆ ಆ ದನಿ ಹೋಯಿತು. ಅದಕ್ಕೇ ಕೇಳಿ ಬರೆಯುವಾಗ ತೆಲುಗನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬರೆಯಿರಿ, ಅರ್ಥವನ್ನು ಪಕ್ಕದಲ್ಲಿ ಹಾಕಿ. ಬೈಗುಳ ಬಂದರೆ ಅದನ್ನೂ ಬಿಡಬೇಡಿ.