ಎವಿ ನೋಡ್ ತಪ್ಪಿಸುವ ಅಡ್ಡದಾರಿ: ಡಬ್ಲ್ಯೂಪಿಡಬ್ಲ್ಯೂ ಟಿಪ್ಪಣಿ

ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವೆ ವಿದ್ಯುತ್ ಹರಿಯದ ನಾರಿನ ಉಂಗುರಗಳಿವೆ. ಅವನ್ನು ದಾಟಲು ಸಹಜವಾಗಿ ಇರುವುದು ಒಂದೇ ಬಾಗಿಲು: ಎವಿ ನೋಡ್ ಎಂಬ ಕೋಶಗಳ ಗಂಟು ಮತ್ತು ಅದರಿಂದ ಹೃತ್ಕುಕ್ಷಿಗೆ ಇಳಿಯುವ ಎಳೆಗಳ ಕಟ್ಟಾದ ಹಿಸ್ ಬಂಡಲ್. ನೋಡ್ ಸಂಕೇತವನ್ನು ಸುಮಾರು 0.1 ಸೆಕೆಂಡ್ ತಡೆಯುತ್ತದೆ. ಸಂಕೇತಗಳು ಒತ್ತೊತ್ತಾಗಿ ಬಂದರೆ ಇನ್ನೂ ನಿಧಾನಿಸಿ, ಕೆಲವನ್ನು ಬಿಡುವುದೇ ಇಲ್ಲ. ಕೆಲವರಲ್ಲಿ ಉಂಗುರ ದಾಟುವ ಸ್ನಾಯುವಿನ ಎಳೆಯೊಂದು ಹುಟ್ಟಿನಿಂದಲೇ ಉಳಿದಿರುತ್ತದೆ. ಬಹುತೇಕ ಎಳೆಗಳಿಗೆ ಈ ನಿಧಾನಿಸುವ ಗುಣವಿಲ್ಲ. ಮುಂದಿನದೆಲ್ಲ ಇದರಿಂದಲೇ ಹುಟ್ಟುತ್ತದೆ. ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ವೈದ್ಯರು ಇದರ ಲಕ್ಷಣಗಳನ್ನು ವಿವರಿಸಿದ್ದು 1930ರಲ್ಲಿ; ಡಬ್ಲ್ಯೂಪಿಡಬ್ಲ್ಯೂ ಎಂಬುದು ಅವರ ಹೆಸರುಗಳ ಮೊದಲಕ್ಷರಗಳು.

ಇಸಿಜಿಯಲ್ಲಿ ಪಿಆರ್ ಅಂತರ (ಹೃತ್ಕರ್ಣದ ಅಲೆಯ ಆರಂಭದಿಂದ ಹೃತ್ಕುಕ್ಷಿಯ ಅಲೆಯ ಆರಂಭದವರೆಗಿನ ಸಮಯ) 120 ಮಿಲಿಸೆಕೆಂಡ್‌ಗಿಂತ ಕಡಿಮೆ, ಅಂದರೆ ಮೂರು ಸಣ್ಣ ಚೌಕಕ್ಕಿಂತ ಕಿರಿದು. ಹೃತ್ಕುಕ್ಷಿಯ ಅಲೆಯಾದ ಕ್ಯೂಆರ್‌ಎಸ್‌ನ ಬುಡದಲ್ಲಿ ಏರು ಮೊಂಡಾಗಿರುತ್ತದೆ; ಇದೇ ಡೆಲ್ಟಾ ಅಲೆ. ಎಳೆ ಸೇರುವ ಜಾಗದಿಂದ ಸಂಕೇತ ಸ್ನಾಯುಕೋಶಗಳ ಮೂಲಕವೇ ನಿಧಾನವಾಗಿ ಹರಡುವುದರಿಂದ ಆ ಮೊಂಡುತನ. ಅಷ್ಟರಲ್ಲಿ ಹಿಸ್ ದಾರಿಯ ಅಲೆ ಬಂದು ಸೇರಿ ಉಳಿದ ಭಾಗ ಚೂಪಾಗುತ್ತದೆ. ಎಳೆ ಹಿಂಭಾಗದ ಸೆಪ್ಟಮ್ (ಎಡ ಬಲ ಕೋಣೆಗಳ ನಡುವಿನ ಗೋಡೆ) ಬಳಿ ಇದ್ದರೆ, ಹೃದಯವನ್ನು ಕೆಳಗಿನಿಂದ ನೋಡುವ 2, 3 ಮತ್ತು ಎವಿಎಫ್ ಲೀಡ್‌ಗಳಲ್ಲಿ ಡೆಲ್ಟಾ ಕೆಳಮುಖವಾಗಿ, ಹಳೆಯ ಹೃದಯಾಘಾತದ ಕ್ಯೂ ಅಲೆಯಂತೆ ಕಾಣುತ್ತದೆ. ಪಿಆರ್ ಅಳೆಯದೆ ತೀರ್ಮಾನಕ್ಕೆ ಬರಬೇಡಿ. ಸಂಕೇತವನ್ನು ಹಿಮ್ಮುಖವಾಗಿ ಮಾತ್ರ ಒಯ್ಯುವ ಎಳೆ ಇದ್ದಾಗ ಇಸಿಜಿ ಪೂರ್ತಿ ಸಹಜ.

ಸಾಮಾನ್ಯವಾಗಿ ಕಾಣುವ ವೇಗಬಡಿತದಲ್ಲಿ ಸಂಕೇತ ನೋಡ್ ಮೂಲಕ ಇಳಿದು ಎಳೆಯ ಮೂಲಕ ಮೇಲೇರುತ್ತದೆ. ಹಾಗಾಗಿ ಕ್ಯೂಆರ್‌ಎಸ್ ಕಿರಿದು, ಲಯ ಕ್ರಮಬದ್ಧ, ಡೆಲ್ಟಾ ಮಾಯ. ನೋಡ್ ಈ ಸುತ್ತಿನ ಭಾಗವಾದ್ದರಿಂದ ಅದನ್ನು ಕ್ಷಣಕಾಲ ತಡೆದರೆ ಸಾಕು: ಮೊದಲು ವಲ್ಸಾಲ್ವಾ (ಉಸಿರು ಬಿಗಿಹಿಡಿದು ಮುಕ್ಕುವುದು), ಆಮೇಲೆ ವಯಸ್ಕರಿಗೆ ಅಡೆನೊಸಿನ್ 6 ಮಿಗ್ರಾಂ ರಭಸವಾಗಿ ರಕ್ತನಾಳಕ್ಕೆ, ನಿಲ್ಲದಿದ್ದರೆ 12. ಅಡೆನೊಸಿನ್‌ನಿಂದ ಹೃತ್ಕರ್ಣದ ಕಂಪನ ಶುರುವಾಗಬಹುದು, ಡಿಫಿಬ್ರಿಲೇಟರ್ ಕೈಗೆಟಕುವಂತಿರಲಿ.

ಆ ಕಂಪನವೇ ನಿಜವಾದ ಗಂಡಾಂತರ. ಅಗಲ ಕ್ಯೂಆರ್‌ಎಸ್, ಕ್ರಮವಿಲ್ಲದ ಲಯ, ಬಡಿತದಿಂದ ಬಡಿತಕ್ಕೆ ಬದಲಾಗುವ ಆಕಾರ: ಮೂರೂ ಒಟ್ಟಿಗೆ ಕಂಡರೆ ಇದನ್ನೇ ಶಂಕಿಸಿ. ಅತಿ ಕಿರಿದಾದ ಆರ್‌ಆರ್ ಅಂತರ (ಎರಡು ಬಡಿತಗಳ ನಡುವಿನ ಸಮಯ) 250 ಮಿಲಿಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಇದ್ದರೆ ಹೃತ್ಕುಕ್ಷಿಯೇ ಕಂಪನಕ್ಕೆ ಜಾರುವ ಭಯ ಹೆಚ್ಚು. ಇಲ್ಲಿ ವೆರಪಮಿಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್, ಅಡೆನೊಸಿನ್, ಬೀಟಾ ಬ್ಲಾಕರ್, ರಕ್ತನಾಳದ ಅಮಿಯೊಡರೋನ್ ಯಾವುದೂ ಸಲ್ಲದು. ನೋಡ್ ಕಟ್ಟಿಹಾಕಿದರೂ ಎಳೆ ತೆರೆದೇ ಇರುತ್ತದೆ. ವೆರಪಮಿಲ್‌ನಿಂದ ರಕ್ತದೊತ್ತಡ ಕುಸಿದಾಗ ಸಿಂಪಥೆಟಿಕ್ ನರಗಳು ಕೆರಳಿ ಎಳೆಯ ವೇಗ ಇನ್ನೂ ಏರುತ್ತದೆ. ರಕ್ತದೊತ್ತಡ ಬಿದ್ದಿದ್ದರೆ ತಡಮಾಡದೆ ಸಿಂಕ್ರೊನೈಸ್ಡ್ ಶಾಕ್ (ಬಡಿತಕ್ಕೆ ಹೊಂದಿಸಿ ಕೊಡುವ ವಿದ್ಯುತ್ ಆಘಾತ). ಸ್ಥಿರವಾಗಿದ್ದರೆ ಎಳೆಯನ್ನೇ ತಡೆಯುವ ಪ್ರೊಕೈನಮೈಡ್ ಅಥವಾ ಇಬ್ಯುಟಿಲೈಡ್.

ಶಾಶ್ವತ ಪರಿಹಾರ ಕ್ಯಾಥೆಟರ್ ಅಬ್ಲೇಷನ್, ಅಂದರೆ ರಕ್ತನಾಳದ ಮೂಲಕ ತೂರಿಸಿದ ಸಣ್ಣ ಕೊಳವೆಯಿಂದ ಎಳೆಯನ್ನು ಸುಡುವುದು. ಎಳೆ ಹಿಸ್ ಬಂಡಲ್‌ಗೆ ಅಂಟಿಕೊಂಡಂತಿದ್ದರೆ ಮಾತ್ರ ಸಹಜ ದಾರಿಯೂ ಸುಟ್ಟು ಪೇಸ್‌ಮೇಕರ್ ಬೇಕಾಗುವ ಸಂಭವವಿದೆ. ಅಂಥಲ್ಲಿ ಶೀತದಿಂದ ಮಾಡುವ ಕ್ರಯೊಅಬ್ಲೇಷನ್ ಹೆಚ್ಚು ಸುರಕ್ಷಿತ.