ಹಳೆ ಹಟ್ಟಿಯನ್ನು ಅತಿಥಿಗಳ ಜಾಗ ಮಾಡಲು ಹಳೆ ಮರ ತರುವುದು ಲಾಭವಾ?

ಓದುಗರ ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ ಇದೆ. ದನ ಸಾಕುವುದು ನಿಲ್ಲಿಸಿದ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ದೊಡ್ಡ ಹಟ್ಟಿ ಖಾಲಿ ಬಿದ್ದಿದೆ. ಅದನ್ನು ಅತಿಥಿಗಳು ಉಳಿಯುವ, ಸಣ್ಣಪುಟ್ಟ ಕಾರ್ಯಕ್ರಮ ಮಾಡುವ ಜಾಗ ಮಾಡೋಣ ಅಂತಿದ್ದೇವೆ. ಕೆಡವಿದ ಮನೆಗಳ ಮರ ತಂದರೆ ಖರ್ಚು ಉಳಿಯುತ್ತಾ?

ಮರದ ದರದಲ್ಲಿ ಉಳಿಯಬಹುದು. ಆದರೆ ಉಳಿದದ್ದು ಆಚಾರಿಯ ಕೂಲಿಗೆ ಹೋಗುವುದೇ ಜಾಸ್ತಿ. ಹೆಚ್ಚಿನವರು ಮೊದಲು ನಕ್ಷೆ ಮಾಡಿಸಿ, ಆಮೇಲೆ ಆ ಅಳತೆಯ ತೊಲೆ ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕಿದ್ದು ಒಂದಡಿ ಗಿಡ್ಡ ಇರುತ್ತದೆ, ಇಲ್ಲವೇ ಉದ್ದದ್ದನ್ನು ಕತ್ತರಿಸಿ ಹಾಳು ಮಾಡಬೇಕಾಗುತ್ತದೆ. ಮೊದಲು ಮರ ತಂದು ಅಂಗಳದಲ್ಲಿ ಹಾಕಿ, ಒಂದೊಂದನ್ನೇ ಅಳೆದು ಬರೆದಿಡಿ. ಕೋಣೆ ಎಷ್ಟು ಅಗಲ, ಜಗಲಿ ಎಲ್ಲಿವರೆಗೆ ಅಂತ ಆಮೇಲೆ ನೋಡೋಣ. ಹಾಗಾದರೆ ಮಾತ್ರ ಹಳೆ ಮರ ಲಾಭ.

ಆದರೆ ಮರಕ್ಕಿಂತ ಮೊದಲು ನೆಲ ನೋಡಬೇಕು. ನಮ್ಮ ಕಡೆಯ ಹಟ್ಟಿಗಳಲ್ಲಿ ವರ್ಷಗಟ್ಟಲೆ ಸೊಪ್ಪು ಹಾಕಿ ಗೊಬ್ಬರ ಮಾಡಿದ್ದಾರೆ. ಗಂಜಳ ನೆಲಕ್ಕೂ ಗೋಡೆಯ ಬುಡಕ್ಕೂ ಇಳಿದಿರುತ್ತದೆ. ಅದರ ಉಪ್ಪು ಮುರಕಲ್ಲಿನೊಳಗೆ ಕೂತು, ತೇವ ಬಂದಾಗೆಲ್ಲ ಬಿಳಿ ಹುಡಿಯಾಗಿ ಹೊರಗೆ ಬರುತ್ತದೆ. ಇದರ ಮೇಲೆ ಸಿಮೆಂಟ್ ಗಾರೆ ಹಾಕಿ ಪೈಂಟ್ ಬಳಿದರೆ ಎರಡು ಮಳೆಗಾಲದೊಳಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ವಾಸನೆಯೂ ಮಳೆಗಾಲದಲ್ಲೇ ಏಳುವುದು. ಹಾಗಾಗಿ ನೆಲದ ಮಣ್ಣನ್ನು ಒಂದಡಿಯಾದರೂ ತೆಗೆದು ತೋಟಕ್ಕೆ ಹಾಕಿ (ಅಡಿಕೆಗೆ ಒಳ್ಳೆಯದೇ). ಹೊಸ ಜಲ್ಲಿ ತುಂಬಿಸಿ. ಗೋಡೆಗೆ ಸುಣ್ಣದ ಗಾರೆಯೇ ಇರಲಿ, ಅದು ತೇವವನ್ನು ಹೊರಗೆ ಬಿಡುತ್ತದೆ.

ಇನ್ನು ಮರ. ಹಳೆ ಮನೆಗಳಲ್ಲಿ ಹಲಸು, ಹೆಬ್ಬಲಸು, ಕಿರಾಲುಬೋಗಿ, ತೇಗ ಸಿಗುತ್ತವೆ. ಚೇಗಿನ (ನಡುವಿನ ಗಟ್ಟಿ) ಭಾಗಕ್ಕೆ ಹುಳ ಬೇಗ ಬರುವುದಿಲ್ಲ, ಅಂಚಿನ ಬಿಳಿ ಭಾಗಕ್ಕೆ ಬರುತ್ತದೆ. ತೂತು ಕಂಡ ತಕ್ಷಣ ಬಿಸಾಡಬೇಡಿ. ಕೆಳಗೆ ಕಪ್ಪು ಬಟ್ಟೆ ಹಾಸಿ, ಎರಡು ವಾರ ಬಿಟ್ಟು ನೋಡಿ. ಹೊಸ ಹುಡಿ ಬಿದ್ದಿದ್ದರೆ ಒಳಗೆ ಹುಳ ಇದೆ ಅಂತ ಅರ್ಥ. ಬೀಳದಿದ್ದರೆ ಬಹುಶಃ ಹಳೆ ಕಥೆ. ಒಳಾಂಗಣದ ಮರಕ್ಕೆ ಬೊರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಬಳಿಯಬಹುದು, ಮಳೆ ತಾಗುವಲ್ಲಿ ಅದು ತೊಳೆದು ಹೋಗುತ್ತದೆ. ಪಕ್ಕಾಸಿಗೆ (ಹಂಚಿನಡಿಯ ಇಳಿಜಾರು ಮರಕ್ಕೆ) ಗೇರುಸಿಪ್ಪೆಯ ಎಣ್ಣೆ ಹಚ್ಚುವ ಹಳೆ ಕ್ರಮ ಈಗಲೂ ಒಳ್ಳೆಯದೇ, ಆದರೆ ಕೈಗವಸು ಬೇಕೇ ಬೇಕು. ಮೈಗೆ ತಾಗಿದರೆ ಸುಡುತ್ತದೆ. ಮಿಲ್ಲಿಗೆ ಕೊಡುವ ಮೊದಲು ಆಯಸ್ಕಾಂತ ಆಡಿಸಿ ಮೊಳೆ ಹುಡುಕಿ, ಇಲ್ಲದಿದ್ದರೆ ಬ್ಲೇಡಿನ ದುಡ್ಡೂ ನಿಮ್ಮದೇ. ಕಂಬದ ಬುಡ ನೆಲಕ್ಕೆ ತಾಗಬಾರದು, ಕಲ್ಲಿನ ಮೇಲೆ ಕೂರಲಿ. ಗೆದ್ದಲಿಗೆ ಸುಮ್ನೆ ದಾರಿ ಯಾಕೆ ಮಾಡಿಕೊಡುವುದು?

ಅಟ್ಟದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬೈಹುಲ್ಲು ಹೊತ್ತ ಅಟ್ಟ ಜನರನ್ನೂ ಹೊರುತ್ತದೆ ಅಂತ ನಂಬಬೇಡಿ. ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ಭಾರತೀಯ ಮಾನಕ 875ರ (IS 875) ಪ್ರಕಾರ ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ತಡೆಯಬೇಕು. ಜನ ಸೇರುವ ಜಾಗಕ್ಕೆ ಅದು 400ರಿಂದ 500. ಎಂಜಿನಿಯರ್ ನೋಡಿ ಒಪ್ಪುವವರೆಗೆ ಮೇಲೆ ಯಾರನ್ನೂ ಹತ್ತಿಸಬೇಡಿ. ಫೋಟೋಗೆ ಅಂತಲೂ ಬೇಡ.

ಕಾಗದಪತ್ರದ ಕೆಲಸವೂ ಇದೆ. ಹಟ್ಟಿಯನ್ನು ಜನರ ಬಳಕೆಗೆ ಬದಲಿಸಲು 2019ರ ಕೇರಳ ಪಂಚಾಯತ್ ಕಟ್ಟಡ ನಿಯಮದಂತೆ ಅನುಮತಿ ಕೇಳಬೇಕು. ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ವರ್ಗೀಕರಣ ಬೇಕಾದರೆ ಮನೆಯವರು ಅಲ್ಲೇ ವಾಸವಿರಬೇಕು. ಮಂಗಳೂರು, ಪುತ್ತೂರಿನಿಂದ ಮರ ತರುವುದಾದರೆ ಗಡಿ ದಾಟುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬೀಟಿ, ತೇಗ ಇದ್ದರಂತೂ ತಪ್ಪಿಸಲೇಬೇಡಿ. ಹಳೆ ಮರ ಅಂತ ಬಾಯಿಮಾತಲ್ಲಿ ಹೇಳಿದರೆ ಚೆಕ್‌ಪೋಸ್ಟಿನಲ್ಲಿ ನಡೆಯುವುದಿಲ್ಲ.

ಹಂಚು ಇಳಿಸುವ ಕೆಲಸ ದೀಪಾವಳಿ ಕಳೆದ ಮೇಲೆ ಸುರು ಮಾಡಿ. ಒಂದೊಂದನ್ನೂ ಬೆರಳಲ್ಲಿ ತಟ್ಟಿ ನೋಡಿ, ಠಣ್ ಅಂದದ್ದು ಗಟ್ಟಿ, ಅದನ್ನು ಮತ್ತೆ ಹಾಕಲು ಬೇರೆ ಇಡಿ. ಪತ್ತನಾಜೆಗೆ (ಮೇ ಕೊನೆಯ ವಾರಕ್ಕೆ) ಮೊದಲು ಮಾಡು (ಛಾವಣಿ) ಮುಚ್ಚಿ ಆಗಬೇಕು. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಆಚಾರಿ ಅಷ್ಟರಲ್ಲಿ ಆಗುವುದಿಲ್ಲ ಅಂದರೆ ಈ ವರ್ಷ ನೆಲ, ಗೋಡೆ ಮಾತ್ರ ಮುಗಿಸಿ, ಮರವನ್ನು ಮಾಡಿನಡಿ ಅಟ್ಟಿ ಇಡಿ.